ಷಡ್ಡಕ ಸ್ತೋತ್ರ

ದೇವರು ದಯಾಮಯ. ಮನುಷ್ಯನ ಹೊಟ್ಟೆಯಲ್ಲಿ ಕಿಚ್ಚನ್ನಿಟ್ಟರೂ ಅದರ ಹೊಗೆ ಹೊರಗೆ ಬಾರದಂತೆ ಏರ್ಪಾಡು ಮಾಡಿದ್ದಾನೆ. ಇಲ್ಲವಾಗಿದ್ದರೆ ನಮ್ಮ ನಿಮ್ಮ ಬೀದಿಗಳಲ್ಲಿ ಹಗಲು ಹೊತ್ತಿನಲ್ಲೂ ದೀಪ ಹಿಡಿದು ಓಡಾಡಬೇಕಾಗುತ್ತಿತ್ತು. ನೆಂಟರು ಸೇರಿದ ಮನೆಗಳಿಗಂತೂ ಬೆಂಕಿ ಆರಿಸುವವರನ್ನೇ ಕರೆಸಬೇಕಾಗುತ್ತಿತ್ತು. ಈ ಏರ್ಪಾಡಿನ ಪೂರ್ಣ ಪ್ರಯೋಜನ ಪಡೆದು ಬಾಳುತ್ತಿದ್ದವರಲ್ಲಿ ಸಾವಕಾಶಪ್ಪನೂ ಒಬ್ಬ.

ಸಾವಕಾಶಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಾಸಿಗೆ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಹೊಲಿದು ಮುಗಿದ ಹಾಸಿಗೆಗಳನ್ನು ಲಾರಿಗೆ ಏರಿಸುವ ವಿಭಾಗಕ್ಕೆ ಅವನು ಮೇಲ್ವಿಚಾರಕ. ಆಳುಗಳು ಹಾಸಿಗೆ ಎತ್ತಿದಾಗ 'ಸಾವಕಾಶ', ಇಳಿಸಿದಾಗ 'ಸಾವಕಾಶ', ಲಾರಿ ಗೇಟು ದಾಟಿದ ಮೇಲೂ ಅದರ ಬೆನ್ನಿಗೆ 'ಸಾವಕಾಶ' ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಹಾಸಿಗೆ ಬಿದ್ದರೆ ಅದಕ್ಕೆ ಏಟಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಓದಿನಲ್ಲಿಯೂ ಅವನು ಇದೇ ಧರ್ಮವನ್ನು ಪಾಲಿಸಿದ್ದ. ಎಲ್ಲರೂ ಮೂರು ವರ್ಷಕ್ಕೆ ಮುಗಿಸುವ ಪದವಿಗೆ ಅವನು ಅವಸರ ತೋರಲಿಲ್ಲ. ಅರ್ಥಶಾಸ್ತ್ರದ ಪರೀಕ್ಷೆಗೆ ಅವನು ಎಷ್ಟು ಸಲ ಕುಳಿತನೆಂದರೆ, ಕೊನೆಗೆ ಕಾವಲಿನ ಮೇಷ್ಟ್ರೇ ಬಾಗಿಲಲ್ಲಿ ಎದುರುಗೊಂಡು, ನಿಮ್ಮ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ, ಎಬ್ಬಿಸಲೇ ಎಂದು ಕೇಳುವಷ್ಟು ಸಲಿಗೆ ಬೆಳೆದಿತ್ತು.

ಇದರಿಂದ ಅವನಿಗೆ ದುಃಖವೇನೂ ಇರಲಿಲ್ಲ. ದುಃಖವೆಲ್ಲ ಷಡ್ಡಕನಿಂದ.

ಹೆಂಡತಿಯ ತಂಗಿಯ ಗಂಡನಿಗೆ ಷಡ್ಡಕ ಎಂದು ಹೆಸರಿಟ್ಟ ಪೂರ್ವಿಕರು ಬಹಳ ವಿಚಾರವಂತರಿರಬೇಕು. ಆ ಶಬ್ದವನ್ನು ಹಲ್ಲು ಕಚ್ಚದೆ ಉಚ್ಚರಿಸುವುದು ಕಷ್ಟ. ಈ ಷಡ್ಡಕ ವಿಮಾ ಕಂಪನಿಯಲ್ಲಿ ಅಧಿಕಾರಿ. ಒಂದನೇ ತರಗತಿಯಿಂದ ಪದವಿಯ ತನಕ ಫಸ್ಟ್ ಕ್ಲಾಸು. ಅವನು ಬರುವ ಮೊದಲು ಮಾವನ ಮನೆಯಲ್ಲಿ ಸಾವಕಾಶಪ್ಪನ ಮಾತೇ ಮಾತು. ಗೋಡೆಗೆ ಯಾವ ಬಣ್ಣ, ಮಾವನ ಮಂಡಿನೋವಿಗೆ ಯಾವ ಡಾಕ್ಟರು, ಫ್ರಿಜ್ಜಿನ ಬಾಗಿಲು ಎಡಕ್ಕೆ ತೆರೆಯಬೇಕೋ ಬಲಕ್ಕೋ, ಎಲ್ಲಕ್ಕೂ ದೊಡ್ಡಳಿಯನನ್ನು ಕೇಳುತ್ತಿದ್ದರು. ಚಿಕ್ಕಳಿಯ ಬಂದದ್ದೇ ತಡ, ಅತ್ತೆಯ ಬಾಯಲ್ಲಿ 'ಚಿಕ್ಕಳಿಯಂದ್ರನ್ನ ಒಂದು ಮಾತು ಕೇಳ್ಬಿಡಿ' ಎಂಬುದು ನಾಮಸ್ಮರಣೆಯಾಯಿತು. ಸಾವಕಾಶಪ್ಪನಿಗೆ ಬಡಿಸುವುದರಲ್ಲಿ ಕಡಿಮೆಯಾಗಲಿಲ್ಲ, ಗೌರವದಲ್ಲಿಯೂ ಕಡಿಮೆಯಾಗಲಿಲ್ಲ. ಕೇಳುವುದನ್ನು ಮಾತ್ರ ಬಿಟ್ಟರು. ಹಳೇ ಗಡಿಯಾರವನ್ನು ಗೋಡೆಯಿಂದ ಇಳಿಸದೆ, ಸಮಯವನ್ನು ಕೈಗಡಿಯಾರದಲ್ಲಿ ನೋಡಿಕೊಳ್ಳುವ ಹಾಗೆ.

ಹೀಗಿರುವಾಗ ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಬಾಮೈದ ಮೊಬೈಲು ನೋಡುತ್ತ, ಈ ಊರಿನ ಬಿಸಿನೆಸ್ ಸ್ಕೂಲಿನಲ್ಲಿ ಕೆಲಸದಲ್ಲಿರುವವರಿಗೂ ಶನಿವಾರ ಭಾನುವಾರ ಪಾಠ ಹೇಳಿ ಎಂಬಿಎ ಕೊಡುತ್ತಾರಂತೆ, ಅಲ್ಲಿ ಓದಿದವರನ್ನು ಕಂಪನಿಗಳು ಎತ್ತಿಕೊಂಡು ಹೋಗುತ್ತವಂತೆ ಎಂದು ಓದಿ ಹೇಳಿದ. ಅತ್ತೆ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು.

"ನಮ್ಮ ಚಿಕ್ಕಳಿಯಂದ್ರು ಮನಸ್ಸು ಮಾಡಿದ್ರೆ..."

ಮಾತು ಮುಗಿಯುವ ಮೊದಲೇ ಸಾವಕಾಶಪ್ಪನ ಬಾಯಿಂದ ಹೊರಬಿತ್ತು: "ನಾನಾಗ್ಲೇ ಅರ್ಜಿ ಹಾಕಿದೀನಿ."

ಎಲುಬಿಲ್ಲದ ನಾಲಿಗೆ. ಅವನ ಜೀವಮಾನದಲ್ಲಿ ಸಾವಕಾಶವಿಲ್ಲದೆ ನಡೆದ ಕೆಲಸ ಇದೊಂದೇ. ಮಾವ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಬಾಮೈದ ಭಾವನ ಅಂಕಗಳ ವಿಷಯ ಬಲ್ಲವನಾದ್ದರಿಂದ ಮೊಬೈಲಿನೊಳಗೆ ತಲೆ ಹುದುಗಿಸಿದ. ಎಲ್ಲಕ್ಕಿಂತ ಹೆಚ್ಚಾಗಿ ಷಡ್ಡಕನ ಮುಖ ಬಿಳಿಚಿಕೊಂಡಿತು. ಕುಡಿಯುತ್ತಿದ್ದ ನೀರು ನೆತ್ತಿಗೇರಿ, ಕೆಮ್ಮುತ್ತ ಎದ್ದು ಹೋದವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ. ಆ ನೀರಿನ ಸದ್ದು ಸಾವಕಾಶಪ್ಪನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು. ಅವನು ಎರಡನೆಯ ಸಲ ಬಡಿಸಿಕೊಂಡ.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ, ಅರ್ಜಿ ಯಾವಾಗ ಹಾಕಿದ್ರಿ ಎಂದು ಕೇಳಿದಳು. ಹಾಕುವ ದಾರಿಯಲ್ಲಿದ್ದೇನೆ ಎಂದು ಅವನು ಉತ್ತರಿಸಿದ.

ಬಿಸಿನೆಸ್ ಸ್ಕೂಲಿನ ಕಟ್ಟಡವೆಲ್ಲ ಗಾಜು. ಒಳಗಿರುವವರಿಗೆ ಹೊರಗಿನದೆಲ್ಲ ಕಾಣುತ್ತಿತ್ತು, ಹೊರಗಿರುವವನು ತನಗೆ ತಾನೇ ಕಾಣುತ್ತಿದ್ದ. ಪ್ರವೇಶದ ಕೌಂಟರಿನಲ್ಲಿದ್ದ ಹೆಂಗಸು ಅವನ ಅಂಕಪಟ್ಟಿಯನ್ನು ತೆಗೆದುಕೊಂಡು ನೋಡಿದಳು, ಬೆಳಕಿಗೆ ಹಿಡಿದಳು, ತಿರುಗಿಸಿದಳು.

"ಅಂಕ ಮುಂದುಗಡೆ ಇದೆ," ಎಂದ ಸಾವಕಾಶಪ್ಪ.

"ನೋಡಿದೆ. ಹಿಂದುಗಡೆ ಏನಾದ್ರೂ ಒಳ್ಳೇದಿರಬಹುದು ಅಂತ ತಿರುಗಿಸಿದೆ."

ಆದರೆ ಆಕೆ ಕೆಟ್ಟವಳಲ್ಲ. ಇಂಥ ಅಂಕದವರೂ ಆಗಾಗ ಬರುತ್ತಾರೆ, ಅವರಿಗೆ ಬೇರೊಂದು ಬಾಗಿಲಿದೆ ಎಂದು ವಿವರಿಸಿದಳು. ಅಂಕ ಹೇಳದ್ದನ್ನು ಅರ್ಜಿದಾರ ತಾನೇ ಬರೆದು ಹೇಳಬೇಕು: ತನ್ನ ಗುಣ, ತನ್ನ ನಡತೆ, ನಾಲ್ಕು ಜನರನ್ನು ಕಟ್ಟಿಕೊಂಡು ತಾನು ಮಾಡಿದ ಕೆಲಸ. ಬರೆದದ್ದು ಮನಸ್ಸಿಗೆ ಬಂದರೆ ಶಾಲೆಯ ಪ್ರೊಫೆಸರೊಬ್ಬರು ಕೆಲಸದ ಜಾಗಕ್ಕೂ ಮನೆಗೂ ಬಂದು ಕಣ್ಣಾರೆ ನೋಡುತ್ತಾರೆ. ನಾಚಿಕೊಳ್ಳಬೇಡಿ, ನಿಮ್ಮ ಬಗ್ಗೆ ಧಾರಾಳವಾಗಿ ಬರೆಯಿರಿ ಎಂದು ಬೆನ್ನು ತಟ್ಟುವಂತೆ ಹೇಳಿ ಕಳಿಸಿದಳು.

ಇಲ್ಲಿಯೇ ಕಷ್ಟ ಬಂದದ್ದು. ತನ್ನ ಬಾಯಿಂದ ತನ್ನನ್ನು ಹೊಗಳಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ಸಾವಕಾಶಪ್ಪನ ಅಜ್ಜಿ ಅವನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಹೊಗಳಿಕೊಳ್ಳುವ ಸಂದರ್ಭ ಬಂದಿರಲಿಲ್ಲವಾಗಿ ಆ ವ್ರತ ಈವರೆಗೆ ಭಂಗವಾಗಿರಲಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ಅವನು ಒಂದು ಸಾಲು ಬರೆದ: 'ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ.' ಅದನ್ನೂ ಓದಿ, ಜಂಬವಾಯಿತೇನೋ ಎನಿಸಿ ಹೊಡೆದುಹಾಕಿದ.

ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು.

"ರೀ, ನಿಮಗೆ ನಿಮ್ಮ ವಿಷಯ ಬರೆಯೋಕೆ ಬರಲ್ಲ. ಬೇರೆಯವರ ವಿಷಯ ಆದ್ರೆ ಬಾಯಿ ಮುಚ್ಚಲ್ಲ. ದಿನಾ ಊಟಕ್ಕೆ ಕೂತಾಗ ನನ್ನ ತಂಗಿ ಗಂಡನ ಪುರಾಣ ಬಿಚ್ತೀರಲ್ಲ, ಅದನ್ನೇ ಬರೀರಿ. ಕೈಗೆ ಅಭ್ಯಾಸ ಆದ ಮೇಲೆ ನಿಮ್ಮದು ಬರುತ್ತೆ."

ಅವಳು ಹೇಳಿದ್ದು ಕೈ ಸಡಿಲಾಗಲಿ ಎಂದು. ಆದರೆ ಕಟ್ಟೆ ಒಡೆಯಿತು. ಪ್ರೀತಿಯಿಂದ ನೆನೆಯುವ ಭಕ್ತನಿಗಿಂತ ವೈರದಿಂದ ನೆನೆಯುವವನು ಬೇಗ ದೇವರ ಪಾದ ಸೇರುತ್ತಾನೆ ಎಂದು ಹಿರಿಯರು ಹೇಳುವುದುಂಟು. ಭಕ್ತನಿಗಾದರೋ ನಡುವೆ ಹಸಿವು, ಆಕಳಿಕೆ, ಅಂಗಡಿಯ ನೆನಪು. ವೈರಿಗೆ ಎಚ್ಚರದಲ್ಲೂ ಕನಸಿನಲ್ಲೂ ಅದೊಂದೇ ರೂಪ. ಸಾವಕಾಶಪ್ಪ ಇಷ್ಟು ವರ್ಷ ಷಡ್ಡಕನನ್ನು ಧ್ಯಾನಿಸಿದ್ದು ಈ ಎರಡನೆಯ ಮಾರ್ಗದಲ್ಲಿ. ಷಡ್ಡಕನ ಕಟ್ಟಡದಲ್ಲಿ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ನೀರಿನ ಟ್ಯಾಂಕಿಗಾಗಿ ನಡೆದ ಜಗಳ. ಅವನು ಎರಡೂ ಕಡೆಯವರನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನು ನಡುವಿನ ಮೆಟ್ಟಿಲಲ್ಲಿ ಕುಳಿತು, ಮೇಲಿನ ಮನೆಯಾಕೆ ಖಾಲಿ ಬಕೆಟ್ಟನ್ನು ಠಣ್ಣನೆ ಕೆಳಗಿಟ್ಟು ನಗುವವರೆಗೂ ಏಳದಿದ್ದದ್ದು. ಕೈಕೆಳಗಿನವರು ತಪ್ಪು ಮಾಡಿದರೆ ಎಲ್ಲರೆದುರು ಗದರದೆ, ಕೋಣೆಗೆ ಕರೆದು ಬಾಗಿಲು ಹಾಕಿ ಮೆಲ್ಲಗೆ ಮಾತಾಡಿ, ಅವರು ನಗುತ್ತ ಹೊರಬರುವಂತೆ ಮಾಡುವುದು. ನಲವತ್ತು ದಾಟಿದ ಮೇಲೆ ಮಕ್ಕಳ ಜೊತೆ ಕೊಳಕ್ಕಿಳಿದು ಈಜು ಕಲಿತದ್ದು. ಗಂಡನನ್ನು ಕಳೆದುಕೊಂಡ ಹೆಂಗಸು ವಿಮೆಗಾಗಿ ಬಂದಾಗ ಅವಳು ಕೂರುವ ತನಕ ತಾನು ಕೂರದಿರುವುದು. ಒಂದೊಂದು ಗುಣವೂ ಒಂದೊಂದು ಕಾಲದಲ್ಲಿ ಸಾವಕಾಶಪ್ಪನ ನಿದ್ದೆ ಕೆಡಿಸಿದ್ದು. ಎಲ್ಲವೂ ಹಾಳೆಗಿಳಿದವು. ಕೊನೆಗೆ ಓದಿಕೊಂಡಾಗ ಅವನ ಕಣ್ಣಲ್ಲೇ ನೀರು ಬಂತು; ಎಂಥ ಮನುಷ್ಯ ಎನಿಸಿತು. ಹೊತ್ತಾಗಿತ್ತು. ಅರ್ಜಿಗೆ ಅಂದೇ ಕಡೆಯ ದಿನ. 'ಅವನು' ಇದ್ದಲ್ಲೆಲ್ಲ 'ನಾನು' ಎಂದು ತಿದ್ದಿ, ಸಾವಕಾಶಪ್ಪ ಅದನ್ನು ಕಳಿಸಿಬಿಟ್ಟ. ಅಜ್ಜಿ ಹೇಳಿಕೊಟ್ಟ ವ್ರತವೂ ಉಳಿಯಿತು. ಅವನು ಹೊಗಳಿದ್ದು ತನ್ನನ್ನಲ್ಲವಲ್ಲ.

ಕರೆ ಬಂತು. ಮುಂದಿನ ಶುಕ್ರವಾರ ಪ್ರೊಫೆಸರು ಬರುತ್ತಾರೆಂದು.

ಸುದ್ದಿ ಸಾವಕಾಶಪ್ಪನಿದ್ದ ಕಟ್ಟಡದ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಇಳಿಯಿತು. ಮಹಡಿಯಲ್ಲಿದ್ದ ನಿವೃತ್ತ ಹೆಡ್‌ಮೇಷ್ಟ್ರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಾಯಿಲೆ ಬಿದ್ದರು. ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿ ಓದಿಸಿದ್ದು ಯಾತಕ್ಕೆ ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರೆಂದು ಅವರ ಹೆಂಡತಿ ಬಂದು ಹೇಳಿದರು. ಎದುರುಮನೆಯ ದರ್ಜಿಗೆ ಮಾತ್ರ ಹೊಸ ಜೀವ ಬಂದಿತು. ಅವನು ಅಟ್ಟದಿಂದ ತನ್ನ ನಪಾಸಾದ ಅಂಕಪಟ್ಟಿಯನ್ನು ಇಳಿಸಿ, ಇಸ್ತ್ರಿ ಮಾಡಿ, ಗಿರಾಕಿಗಳಿಗೆ ತೋರಿಸತೊಡಗಿದ. ತನ್ನದು ಸಾವಕಾಶಪ್ಪನದಕ್ಕಿಂತ ಹೀನ, ಆದ್ದರಿಂದ ತನಗೆ ಸ್ಕಾಲರ್‌ಶಿಪ್ಪೇ ಸಿಗಬಹುದು ಎಂಬುದು ಅವನ ವಾದ. ಕಾರ್ಖಾನೆಯ ಮ್ಯಾನೇಜರು ಅಭಿನಂದಿಸಿದರು. ಅಭಿನಂದಿಸುವಾಗ ಅವರು ಸಾವಕಾಶಪ್ಪನ ಕೈಯನ್ನು, ನೀರು ಹಿಂಡಿ ಒಣಗಲು ಹಾಕುವ ಬಟ್ಟೆಯ ಹಾಗೆ ಹಿಂಡಿದರು.

ಇಷ್ಟಾಗಿಯೂ ಸಾವಕಾಶಪ್ಪನಿಗೆ ನೆಮ್ಮದಿಯಿಲ್ಲ. ಬರೆದದ್ದನ್ನು ಪ್ರೊಫೆಸರು ಕಣ್ಣಾರೆ ನೋಡಬೇಕಲ್ಲ. ಕೈಕೆಳಗಿನವನನ್ನು ಕೋಣೆಗೆ ಕರೆದು ಬಾಗಿಲು ಹಾಕಿ ತಿದ್ದುವುದನ್ನು ತೋರಿಸಬೇಕಾದರೆ ಮೊದಲು ಕೋಣೆ ಬೇಕು, ಬಾಗಿಲು ಬೇಕು. ಅವನ ಶೆಡ್ಡಿಗೆ ಇದ್ದದ್ದು ಮೂರು ಗೋಡೆ. ನಾಲ್ಕನೆಯ ಕಡೆ ಲಾರಿ. ಕಡೆಗೆ ಅವನು ಡಬಲ್ ಹಾಸಿಗೆಗಳನ್ನು ನೆಟ್ಟಗೆ ನಿಲ್ಲಿಸಿ ಅಂದವಾದ ಕೋಣೆ ಕಟ್ಟಿದ. ಒಂಟಿ ಹಾಸಿಗೆಯೊಂದು ಬಾಗಿಲಾಯಿತು. ತಪ್ಪು ಮಾಡಲು ಲೋಡಿಂಗಿನವರಲ್ಲಿ ಎಲ್ಲರಿಗಿಂತ ಹಳಬನಾದ ಮೀಸೆಯವನನ್ನು ಗೊತ್ತುಮಾಡಿದ.

"ಎಂಥ ತಪ್ಪು ಮಾಡ್ಲಿ ಸಾರ್?" ಎಂದು ಮೀಸೆಯವನು ಶ್ರದ್ಧೆಯಿಂದ ಕೇಳಿದ. "ದಿನಾ ಮಾಡೋದಾ, ಹೊಸದಾ?"

ಸಣ್ಣದಿರಲಿ, ಆದರೆ ದೂರಕ್ಕೆ ಕಾಣಿಸುವಂತಿರಲಿ ಎಂದು ಸಾವಕಾಶಪ್ಪ ತಿಳಿಸಿದ.

ಶುಕ್ರವಾರ ಬೆಳಿಗ್ಗೆ ಪ್ರೊಫೆಸರು ಬಂದರು. ನರೆತ ಕೂದಲಿನ, ಬಟ್ಟೆಯ ಬೂಟು ಹಾಕಿದ, ಮೆಲುಮಾತಿನ ಹೆಂಗಸು. ಅವರು ಶೆಡ್ಡಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಮೀಸೆಯವನು ತಪ್ಪು ಮಾಡಿ ಮುಗಿಸಿದ್ದ: ಮ್ಯಾನೇಜರ ಕುರ್ಚಿಯನ್ನು ಹಾಸಿಗೆಗಳ ನಡುವೆ ಲಾರಿಗೆ ಏರಿಸಿ, ಲಾರಿಯನ್ನು ಕಳಿಸಿಯೂ ಬಿಟ್ಟಿದ್ದ. ದೂರಕ್ಕೆ ಕಾಣಲಿ ಎಂದಿದ್ದರಲ್ಲ, ಲಾರಿ ಆಗಲೇ ಬಹಳ ದೂರ ಹೋಗಿತ್ತು.

ಸಾವಕಾಶಪ್ಪ ಗದರಲಿಲ್ಲ. ಷಡ್ಡಕ ಮಾಡುವಂತೆ ಬೆರಳಿನಲ್ಲಿ ಸನ್ನೆ ಮಾಡಿ ಮೀಸೆಯವನನ್ನು ಹಾಸಿಗೆಯ ಕೋಣೆಗೆ ಕರೆದು, ಹಾಸಿಗೆಯ ಬಾಗಿಲನ್ನು ಎಳೆದುಕೊಂಡ. ಒಳಗೆ ಕತ್ತಲೆ. ಹತ್ತಿ ಮಾತನ್ನೆಲ್ಲ ನುಂಗುತ್ತಿತ್ತು.

"ಬೈಯ್ರಿ ಸಾರ್, ಬೇಗ. ಸೆಕೆ ಆಗ್ತಿದೆ."

"ಬೈಯೋದಲ್ಲ ಕಣಯ್ಯ. ಮೆಲ್ಲಗೆ ಮಾತಾಡಬೇಕು," ಎಂದು ಸಾವಕಾಶಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

ಮೀಸೆಯವನು ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷದಲ್ಲಿ ಯಾವ ಮೇಲಿನವರೂ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಮಾತಾಡಿರಲಿಲ್ಲ. ಹಾಗೆ ಮಾತಾಡಿಸಿಕೊಂಡ ಬೇರೆಯವರು ಮಾರನೆಯ ದಿನ ಕೆಲಸದಲ್ಲಿರುತ್ತಿರಲಿಲ್ಲ. ಕೆಲಸ ಹೋಯಿತೆಂದೇ ತಿಳಿದ ಅವನು ಬಾಗಿಲು ಎಲ್ಲಿದೆಯೆಂದು ತೋಚದೆ, ಎದುರಿಗಿದ್ದ ಗೋಡೆಯನ್ನೇ ಹೊಕ್ಕು ಓಡಿದ. ಆ ಗೋಡೆಯ ಹೊರಗೆ ಪ್ರೊಫೆಸರು, ಒಳಗಿನ ಮೆಲುಮಾತು ಒಂದಿಷ್ಟಾದರೂ ಕೇಳಲೆಂದು ಕಿವಿಯಾನಿಸಿ ನಿಂತಿದ್ದರು. ಮೊದಲು ಒಂದು ಡಬಲ್ ಹಾಸಿಗೆ ಬಾಗಿತು. ಅದರ ಮೇಲೆ ಇನ್ನೊಂದು. ಆಮೇಲೆ, ನೆಂಟರ ಮನೆಯ ಊಟಕ್ಕೆ ಒಬ್ಬರು ಎದ್ದರೆ ಎಲ್ಲರೂ ಏಳುವಂತೆ, ಇಡೀ ಸಾಲು.

ಕುರ್ಚಿ ಹುಡುಕಿಕೊಂಡು ಬಂದ ಮ್ಯಾನೇಜರು ಕಂಡದ್ದು ಹಾಸಿಗೆಯ ಒಂದು ಬೆಟ್ಟ. ಅದರ ಬುಡದಲ್ಲಿ ಎರಡು ಬಟ್ಟೆಯ ಬೂಟು. ಬೆಟ್ಟದ ಮೇಲೆ ನಿಂತು "ಸಾವಕಾಶ, ಸಾವಕಾಶ" ಎನ್ನುತ್ತಿರುವ ತಮ್ಮ ಮೇಲ್ವಿಚಾರಕ. ಪ್ರೊಫೆಸರನ್ನು ಹೊರಗೆಳೆದದ್ದಾಯಿತು. ಆಕೆ ಕುತ್ತಿಗೆ ಹಿಡಿದುಕೊಂಡು, ಹಾಸಿಗೆ ಚೆನ್ನಾಗಿದೆ ಎಂದಷ್ಟೇ ಹೇಳಿದರು. ಆಮೇಲೆ ಮೀಸೆಯವನನ್ನು ಕರೆದು, ಒಳಗೆ ಇವರು ಏನು ಹೇಳಿದರೆಂದು ವಿಚಾರಿಸಿದರು.

"ಏನೂ ಹೇಳ್ಲಿಲ್ಲ ಮೇಡಂ. ಅದಕ್ಕೇ ಓಡಿದ್ದು."

ಮಧ್ಯಾಹ್ನದ ಮೇಲೆ ಮನೆ ನೋಡುವುದು. ಸಾವಕಾಶಪ್ಪ ಹೆಂಡತಿಗೆ ಹೇಳಿದ್ದು ಚಹಾ, ಬಿಸ್ಕತ್ತು ಇರಲಿ ಎಂದು ಮಾತ್ರ. ಅವಳು ಗಂಡನ ಏಳಿಗೆಯನ್ನು ಒಬ್ಬಳೇ ನೋಡುವುದು ಹೇಗೆಂದು ಅಪ್ಪ, ಅಮ್ಮ, ತಮ್ಮ, ತಂಗಿ, ತಂಗಿಯ ಗಂಡ ಎಲ್ಲರನ್ನೂ ಕರೆಸಿದ್ದಳು. ಷಡ್ಡಕ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ. ಪ್ರೊಫೆಸರ ಮುಖ ಕಂಡೊಡನೆ ಅವನು ಪತ್ರಿಕೆಯನ್ನು ಎತ್ತಿ ಮುಖಕ್ಕೆ ಮರೆ ಮಾಡಿಕೊಂಡ. ಸಾವಕಾಶಪ್ಪ ಷಡ್ಡಕನನ್ನು ಕಂಡು ಬಾಗಿಲಲ್ಲೇ ನಿಂತ. ಆದರೆ ಅಷ್ಟರಲ್ಲಿ ಪ್ರೊಫೆಸರು ಸೋಫಾದಲ್ಲಿ ಕುಳಿತು, ಅರ್ಜಿಯ ಹಾಳೆಗಳನ್ನು ತೆಗೆದು, ಆ ನೀರಿನ ಟ್ಯಾಂಕಿನ ಜಗಳದ ಮೆಟ್ಟಿಲು ಇದೇ ಕಟ್ಟಡದಲ್ಲಿದೆಯೇ ಎಂದು ಕೇಳಿಯಾಗಿತ್ತು.

"ಅದು ನಮ್ಮ ಚಿಕ್ಕಳಿಯಂದ್ರ ಬಿಲ್ಡಿಂಗಿಂದು," ಎಂದರು ಅತ್ತೆ, ಸಹಾಯ ಮಾಡುವ ಮನಸ್ಸಿನಿಂದ.

ಪ್ರೊಫೆಸರು ಒಂದು ಹಾಳೆ ತಿರುಗಿಸಿದರು. ನಲವತ್ತರ ಮೇಲೆ ಈಜು ಕಲಿತದ್ದು?

"ಅದೂ ಚಿಕ್ಕಳಿಯಂದ್ರೇ. ದೊಡ್ಡಳಿಯಂದ್ರಿಗೆ ನೀರು ಕಂಡ್ರೆ ಆಗಲ್ಲ, ನೆಗಡಿ."

ವಿಮೆ ಕೇಳಲು ಬಂದ ವಿಧವೆಯ ವಿಷಯಕ್ಕೆ ಬರುವ ಹೊತ್ತಿಗೆ ಅತ್ತೆಯೂ ಮಾತು ನಿಲ್ಲಿಸಿದ್ದರು. ಹಾಸಿಗೆ ಕಾರ್ಖಾನೆಗೆ ವಿಮೆ ಕೇಳಲು ಯಾರು ಬರುತ್ತಾರೆ ಎಂದು ಮಾವ ತಮಗೆ ತಾವೇ ಎಂಬಂತೆ ಅಂದರು. ಎಲ್ಲರ ಕಣ್ಣೂ ಸಾವಕಾಶಪ್ಪನ ಮೇಲೆ.

"ಎಲ್ಲಾ ಇವನದೇ," ಎಂದ ಸಾವಕಾಶಪ್ಪ, ಪತ್ರಿಕೆಯ ಕಡೆ ಕೈ ತೋರಿಸಿ.

"ಹಾಗಾದ್ರೆ ಇದರಲ್ಲಿ ನಿಮ್ಮದು ಅಂತ ಏನಿದೆ?" ಎಂದು ಕೇಳಿದರು ಪ್ರೊಫೆಸರು.

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಅಕ್ಷರ ನಂದು. ಅಂಕಪಟ್ಟಿ ನಂದು."

ಪತ್ರಿಕೆ ಕೆಳಗಿಳಿಯಿತು. ಷಡ್ಡಕ ಎದ್ದು ಬಂದು ಹಾಳೆಗಳನ್ನು ಇಸಿದುಕೊಂಡು, ನಿಂತಲ್ಲೇ ಓದತೊಡಗಿದ. ಓದುತ್ತ ಓದುತ್ತ ಅವನ ಕಿವಿಗಳು ಕೆಂಪಾದವು. ತನ್ನ ಬಾಳನ್ನು ಕದ್ದದ್ದಕ್ಕೆ ಸಿಟ್ಟು ಬಂದಿದೆಯೆಂದು ಎಲ್ಲರೂ ತಿಳಿದರು. ಅತ್ತೆ ಇಬ್ಬರು ಅಳಿಯಂದಿರ ನಡುವೆ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತರು.

"ಇದು ಅನ್ಯಾಯ," ಎಂದ ಷಡ್ಡಕ. "ಹೋದ ವರ್ಷ ನಾನೂ ಅರ್ಜಿ ಹಾಕಿದ್ದೆ. ಇದೇ ಟ್ಯಾಂಕು, ಇದೇ ಈಜು. ನಂದು ಫಸ್ಟ್ ಕ್ಲಾಸು. ಇಂಟರ್‌ವ್ಯೂಗೆ ಹೋದೆ, ಇದೇ ಮೇಡಂ ಇದ್ರು, ಬೇಡ ಅಂದ್ರು. ಅಣ್ಣ ಬರೆದ್ರೆ ಮನೆ ಬಾಗಿಲಿಗೇ ಬಂದಿದ್ದೀರಿ. ನನ್ನ ಬಾಳು ನಾನು ಬಾಳಿದ್ರೆ ಬೆಲೆ ಇಲ್ಲ, ಅವರು ಕೂತು ನೋಡಿದ್ರೆ ಬೆಲೆನಾ?"

ಅರ್ಜಿ ಹಾಕಿದ್ದನ್ನು ನನಗೂ ಹೇಳಲಿಲ್ಲವೇ ಎಂದು ಅವನ ಹೆಂಡತಿ ಅಲ್ಲಿಯೇ ಶುರುಮಾಡಿದಳು. ಬೇಡ ಅನ್ನಿಸಿಕೊಂಡದ್ದನ್ನು ಹೇಗೆ ಹೇಳಲಿ ಎಂದು ಅವನು ತಲೆ ತಗ್ಗಿಸಿದ. ಅಂದು ನಲ್ಲಿಯ ಕೆಳಗೆ ಅಷ್ಟು ಹೊತ್ತು ನಿಂತದ್ದು ಯಾಕೆಂದು ಸಾವಕಾಶಪ್ಪನಿಗೆ ಈಗ ತಿಳಿಯಿತು. ಫಸ್ಟ್ ಕ್ಲಾಸಿನವನನ್ನೂ ಬೇಡ ಎನ್ನುವ ಬಾಗಿಲುಗಳು ಲೋಕದಲ್ಲಿವೆ ಎಂಬ ಸುದ್ದಿಗೆ ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಂಥ ಶಾಲೆಯವರು ಇವರು, ಇಂಥವನನ್ನು ಹೇಗೆ ಬೇಡವೆಂದರು ಎಂದು ಅವನಿಗೆ ಪ್ರೊಫೆಸರ ಮೇಲೆಯೇ ಸಿಟ್ಟು ಬಂದಿತು.

ಪ್ರೊಫೆಸರು ಕುತ್ತಿಗೆ ನೀವಿಕೊಳ್ಳುತ್ತ ಸಮಾಧಾನದಿಂದ ಮಾತಾಡಿದರು. ಚಿಕ್ಕವರ ಅರ್ಜಿ ನೆನಪಿದೆ. 'ನೀರಿನ ವಿವಾದವನ್ನು ಸೌಹಾರ್ದದಿಂದ ಬಗೆಹರಿಸಲಾಯಿತು' ಎಂದು ಅದರಲ್ಲಿ ಒಂದೇ ಸಾಲಿತ್ತು. ದೊಡ್ಡವರು ಬರೆದದ್ದರಲ್ಲಿ ಬಕೆಟ್ಟಿನ ಠಣ್ ಸದ್ದೂ ಇದೆ. ಇನ್ನೊಬ್ಬರ ಬಾಳನ್ನು ತನ್ನದೆಂದು ಬರೆದವರಿಗೆ ಸೀಟು ಕೊಡಲಾಗುವುದಿಲ್ಲ, ಅದನ್ನು ಕ್ಷಮಿಸಬೇಕು. ಆದರೆ ಹೋದ ವರ್ಷದವರ ಅರ್ಜಿಯನ್ನು ಮತ್ತೆ ತೆರೆಯಬಹುದು, ಅವರನ್ನು ಚೆನ್ನಾಗಿ ಬಲ್ಲವರೊಬ್ಬರು ಸಾಕ್ಷಿ ಹೇಳಿದರೆ.

"ಇವರನ್ನ ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಸಿಗಲ್ಲ," ಎಂದು ಅವರು ಸಾವಕಾಶಪ್ಪನ ಕಡೆ ತಿರುಗಿದರು. "ಗುಣ ಎಲ್ಲ ಓದಿದೀನಿ. ಒಂದೇ ಪ್ರಶ್ನೆ. ಇವರಲ್ಲಿರೋ ಕೊರತೆ ಏನು? ನಿಜ ಹೇಳಬೇಕು."

ದೇವರು ಮನುಷ್ಯನಿಗೆ ವರ ಕೊಡುವ ಹೊತ್ತು ಯಾವಾಗಲೂ ಹೀಗೆಯೇ, ಚಹಾ ಆರುತ್ತಿರುವಾಗ, ನೆಂಟರೆಲ್ಲ ಎದುರಿಗಿರುವಾಗ. ಷಡ್ಡಕನ ಸೀಟು ಸಾವಕಾಶಪ್ಪನ ನಾಲಿಗೆಯ ತುದಿಯಲ್ಲಿತ್ತು. ಇಷ್ಟು ವರ್ಷಗಳಲ್ಲಿ ಅವನು ಕಾದದ್ದು ಯಾರಾದರೂ ಈ ಒಂದು ಪ್ರಶ್ನೆಯನ್ನು ಕೇಳಲಿ ಎಂದೇ. ಮಾವ ಅವನನ್ನೇ ನೋಡುತ್ತಿದ್ದರು. ಅತ್ತೆಯ ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಇರಬೇಕು. ಷಡ್ಡಕ ನೆಲ ನೋಡುತ್ತಿದ್ದ. ಸಾವಕಾಶಪ್ಪ ತನಗೂ ಷಡ್ಡಕನೇ; ಎಂಥವನೆಂದು ಅವನಿಗೆ ಗೊತ್ತಿತ್ತು.

ಸಾವಕಾಶಪ್ಪ ಬಾಯಿ ತೆರೆದ. ಹಿಂದೊಮ್ಮೆ ಮದುವೆಯ ಮನೆಯಲ್ಲಿ ಷಡ್ಡಕನ ಚಪ್ಪಲಿಯ ಹಿಮ್ಮಡಿ ಸವೆದದ್ದು ಕಂಡು ಒಂದು ವಾರ ಸುಖವಾಗಿದ್ದದ್ದು ನೆನಪಾಯಿತು. ಆಮೇಲೆ ತಿಳಿದದ್ದು, ಹೊಸ ಚಪ್ಪಲಿಯನ್ನು ಅವನು ಕಾವಲುಗಾರನಿಗೆ ಕೊಟ್ಟು ಹಳೆಯದನ್ನು ತಾನಿಟ್ಟುಕೊಂಡಿದ್ದನೆಂದು.

"ಇದೆ," ಎಂದ ಕೊನೆಗೆ. "ಒಂದು ಕೊರತೆ ಇದೆ. ನನಗೆ ಷಡ್ಡಕ ಆಗಿದಾನೆ. ಅದೊಂದು ಬಿಟ್ರೆ ಬೇರೆ ಸಿಗಲಿಲ್ಲ ಮೇಡಂ. ಹುಡುಕೋದ್ರಲ್ಲಿ ನಾನೇನೂ ಕಮ್ಮಿ ಮಾಡಿಲ್ಲ."

ಪ್ರೊಫೆಸರು ನಕ್ಕರು, ನಕ್ಕದ್ದಕ್ಕೆ ಕುತ್ತಿಗೆ ಉಳುಕಿ, ಅಯ್ಯೋ ಎಂದರು. ಷಡ್ಡಕ ಬಂದು ಅಣ್ಣನ ಕಾಲಿಗೆ ಬಾಗಿದ. ಬೆನ್ನು ಬಾಗಿಸಿದರೂ ಎಷ್ಟು ನೆಟ್ಟಗಿದೆ ನೋಡು ಎಂದು ಸಾವಕಾಶಪ್ಪನ ಹೊಟ್ಟೆ ಆಗಲೂ ಒಮ್ಮೆ ಚುರ್ರೆಂದಿತು.

ಷಡ್ಡಕನಿಗೆ ಸೀಟು ಸಿಕ್ಕಿತು. ಹೆಡ್‌ಮೇಷ್ಟ್ರು ಎದ್ದು ಕುಳಿತು ಊಟ ಮಾಡಿದರು. ದರ್ಜಿ ಅಂಕಪಟ್ಟಿಯನ್ನು ಅಟ್ಟಕ್ಕೇರಿಸಿದ. ಮ್ಯಾನೇಜರ ಕುರ್ಚಿ ಯಾವುದೋ ಊರಿನ ಹಾಸಿಗೆ ಅಂಗಡಿಯಲ್ಲಿ ಮಾರಾಟವಾಗಿ ಹೋಯಿತು. ಅತ್ತೆಯ ಮನೆಯಲ್ಲಿ ಮಾತ್ರ ಒಂದು ಬದಲಾವಣೆ: ಆ ತಾಯಿ ಕಂಡವರಿಗೆಲ್ಲ ದೊಡ್ಡಳಿಯನ ದೊಡ್ಡ ಮನಸ್ಸನ್ನು ಬಣ್ಣಿಸತೊಡಗಿದರು. ಓದುವವನು ನಾನು, ಹೊಗಳಿಕೆ ಅವರಿಗೆ ಎಂದು ಷಡ್ಡಕ ಒಳಗೊಳಗೇ ಬೇಯುತ್ತಿದ್ದಾನೆಂದು ಅವನ ಹೆಂಡತಿ ಅಕ್ಕನಿಗೆ ಹೇಳಿದಳು. ಅಕ್ಕ ಗಂಡನಿಗೆ ಹೇಳಿದಳು. ಆ ಕೆಲವು ವಾರಗಳಷ್ಟು ಸುಖವನ್ನು ಸಾವಕಾಶಪ್ಪ ತನ್ನ ಬಾಳಿನಲ್ಲಿ ಕಂಡಿರಲಿಲ್ಲ.

ಮೊದಲ ಪರೀಕ್ಷೆಯಾಯಿತು. ಒಂದು ಸಂಜೆ ಷಡ್ಡಕ ಒಬ್ಬನೇ ಬಂದ. ಗಡ್ಡ ಬೋಳಿಸಿರಲಿಲ್ಲ. ಅಲ್ಲಿ ಬಂದು ಸೇರಿದವರೆಲ್ಲ ತನಗಿಂತ ದೊಡ್ಡ ಫಸ್ಟ್ ಕ್ಲಾಸಿನವರು, ಪಾಠದ ವೇಗಕ್ಕೆ ತನ್ನ ತಲೆ ಓಡುತ್ತಿಲ್ಲ ಎಂದ. ಫಲಿತಾಂಶವನ್ನು ಜೇಬಿನಿಂದ ತೆಗೆದು ಮಡಿಕೆ ಬಿಚ್ಚದೆ ಮೇಜಿನ ಮೇಲಿಟ್ಟ.

"ಅಣ್ಣ, ನಂಗೆ ಅಭ್ಯಾಸ ಇಲ್ಲ. ಕಮ್ಮಿ ಅಂಕ ಬಂದ್ರೆ ಮನೇಲಿ ಹೇಗೆ ಹೇಳೋದು?"

ಸಾವಕಾಶಪ್ಪನ ಎದೆ ತುಂಬಿ ಬಂತು. ಕೇಳಿದರು, ಕೊನೆಗೂ ಅವನನ್ನೊಂದು ಮಾತು ಕೇಳಿದರು, ಅದೂ ಯಾರು, ಯಾವ ವಿಷಯದಲ್ಲಿ. ಈ ಒಂದು ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಎರಡೂ ಮನೆತನಗಳಲ್ಲಿ ಇರಲಿಲ್ಲ. ಷಡ್ಡಕನ ಬೆನ್ನು ಸವರಿ ಕೂರಿಸಿದ. ಮೊದಲು ಊಟ ಮಾಡಬೇಕು, ಊಟವಾದ ಮೇಲೆ ಹೇಳಬೇಕು, ಹೇಳುವಾಗ ಕೈಯಲ್ಲಿ ಏನಾದರೊಂದು ಕೆಲಸವಿರಬೇಕು ಎಂದು ಗುರುಸ್ಥಾನದಿಂದ ಉಪದೇಶ ಮಾಡಿದ. ಹೆಂಡತಿಗೆ ಕೂಗಿ ಚಹಾ ಹೇಳಿದ. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡು, ಬಹಳ ದಿನದ ಮೇಲೆ ಹಳೇ ಗೆಳೆಯನ ಮನೆಯ ಬಾಗಿಲು ತೆರೆಯುವವನಂತೆ, ಆ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದ.

ಓದಿದ. ಮತ್ತೊಮ್ಮೆ ಓದಿದ. ಬೆರಳಿಟ್ಟುಕೊಂಡು ಮೂರನೆಯ ಸಲ ಓದಿದ. ಮುಖ ಬಾಡಿತು. ಚಹಾ ತಂದ ಹೆಂಡತಿ ಗಾಬರಿಯಿಂದ, ಏನಾಯ್ತು, ಯಾಕೆ ಹೀಗಿದೀರಿ ಎಂದು ಕೇಳಿದಳು.

ಸಾವಕಾಶಪ್ಪ ಕಾಗದವನ್ನು ಅವಳ ಮುಂದೆ ಹಿಡಿದ.

"ಅರ್ಥಶಾಸ್ತ್ರದಲ್ಲಿ ನನಗಿಂತ ಕಮ್ಮಿ ತಗೊಂಡಿದಾನೆ ಕಣೇ. ಇದೊಂದನ್ನಾದ್ರೂ ನನಗೆ ಬಿಡಬಾರದಾಗಿತ್ತಾ?"